ತೆಳ್ಳಗಿನ ಮರಕ್ಕೆ ಒಪ್ಪುವ ಪೆನ್ನು

ಉಮ್ಮನ ತವರುಮನೆಯ ಹಳೆಯ ತೊಟ್ಟಿಲಿಗೆ ಗೆದ್ದಲು ಹಿಡಿದಿತ್ತು. ಆದರೂ ಒಲೆಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಉಮ್ಮ ಮತ್ತು ಅವರ ಮೂವರು ಒಡಹುಟ್ಟಿದವರು ಆಡಿ ಬೆಳೆದ ತೊಟ್ಟಿಲದು. ಹಲಸಿನ ಮರದ ನಾಲ್ಕು ಪಟ್ಟಿಗಳಲ್ಲಿ ಐದೈದು ಇಂಚು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಮನೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡಿರುವ ಅಣ್ಣ, “ನಾಲ್ವರಿಗೂ ಒಂದೊಂದು ಪೆನ್ನು ಕಡೆದು ಕೊಡೋಣ” ಎಂದ.

ಮರದ ಪೆನ್ನು ಮಾಡಲು ಬೇಕಾದ ಲೋಹದ ಭಾಗಗಳು ಕಿಟ್ ರೂಪದಲ್ಲಿ ಸಿಗುತ್ತವೆ. ಮರದ ತುಂಡಿಗೆ ಉದ್ದಕ್ಕೆ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ಲೇತ್‌ನಲ್ಲಿ ತಿರುಗಿಸುತ್ತಾ ಉಳಿಯಿಂದ ಕಡೆಯಬೇಕು. ಕೊನೆಗೆ ಲೋಹದ ಭಾಗಗಳನ್ನು ಒತ್ತಿ ಕೂರಿಸಿದರಾಯಿತು. ಕೇಳಲು ಸುಲಭ. ನಾವು ಎಡವಿದ್ದು ಕಿಟ್ ಆರಿಸುವಲ್ಲಿಯೇ.

ಚಿತ್ರದಲ್ಲಿ ಚೆನ್ನಾಗಿ ಕಂಡಿತೆಂದು ‘ಸಿಗಾರ್’ ಮಾದರಿಯ ಕಿಟ್ ತರಿಸಿದ್ದೆವು. ಅದರ ಕೊಳವೆಗೇ 10 ಮಿ.ಮೀ. ರಂಧ್ರ ಬೇಕು. ಪೆನ್ನಿನ ನಡುಭಾಗವಂತೂ ಹೆಚ್ಚುಕಡಿಮೆ 15 ಮಿ.ಮೀ. ದಪ್ಪ. ನಮ್ಮ ತೊಟ್ಟಿಲ ಪಟ್ಟಿಯ ದಪ್ಪ 13 ಮಿ.ಮೀ. ಮಾತ್ರ! ಇಲ್ಲದ ಮರವನ್ನು ಎಲ್ಲಿಂದ ತರುವುದು? ‘ಸಿಯೆರಾ’ ಮಾದರಿಯನ್ನು ಯೋಚಿಸಿದೆವು. ಅದು ಮುಗಿಯುವಾಗ ಸುಮಾರು 12 ಮಿ.ಮೀ. ಲೆಕ್ಕದಲ್ಲಿ ಸಾಕೆನಿಸಿದರೂ ರಂಧ್ರ ಕೂದಲೆಳೆಯಷ್ಟು ಅತ್ತಿತ್ತ ಸರಿದರೆ ಒಂದು ಬದಿಯಲ್ಲಿ ಮರವೇ ಉಳಿಯದು. ಎರಡು ಪಟ್ಟಿಗಳನ್ನು ಜೋಡಿಸಿ ಅಂಟಿಸಿ ದಪ್ಪ ಮಾಡಬಹುದು ನಿಜ. ಹಾಗೆ ಮಾಡಿದರೆ ನಾಲ್ಕು ಪೆನ್ನು ಎರಡಾಗುತ್ತವೆ. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು?

ಕೊನೆಗೆ ಉಳಿದದ್ದು ‘ಸ್ಲಿಮ್‌ಲೈನ್’. ಅದಕ್ಕೆ 7 ಮಿ.ಮೀ. ಕೊಳವೆ ಸಾಕು. ತುದಿಗಳಲ್ಲಿ ಪೆನ್ನಿನ ದಪ್ಪ ಎಂಟೂವರೆ ಮಿ.ಮೀ. ಒಳಗೆ. ಎಂದರೆ ಕೊಳವೆಯ ಸುತ್ತ ಒಂದು ಮಿ.ಮೀ.ಗಿಂತ ಕಡಿಮೆ ಮರ. ‘ಯುರೋಪಿಯನ್’ ಮಾದರಿಗೂ ಇದೇ ಕೊಳವೆ, ಆದರೆ ಅದರ ನಡುವಿನ ಉಂಗುರ ಅಗಲವಾದ್ದರಿಂದ ಅಲ್ಲಿ ಮರ ಹೆಚ್ಚು ಬೇಕು. ಆದುದರಿಂದ ಮೊದಲು ಮರವನ್ನು ಅಳೆಯಿರಿ, ಆಮೇಲೆ ಕಿಟ್ ನೋಡಿರಿ. ನಾವು ಮಾಡಿದ್ದು ತಿರುಗಾಮುರುಗಾ.

ತೆಳ್ಳಗಿನ ಮರದಲ್ಲಿ ಕೊರೆಯುವಾಗಲೇ ಎದೆ ಡವಡವ ಎನ್ನುವುದು. ತುಂಡಿನ ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡುಬಿಂದು ಗುರುತಿಸಬೇಕು. ಡ್ರಿಲ್ಲನ್ನು ಮತ್ತೆಮತ್ತೆ ಹೊರತೆಗೆದು ಹುಡಿ ಕೊಡವಬೇಕು, ಇಲ್ಲವಾದರೆ ಅದು ಕಾದು ಮರ ಬಿರಿಯುತ್ತದೆ. ಕಡೆಯುವಾಗ ಉಳಿ ಹರಿತವಾಗಿರಬೇಕು. ಕೊನೆಯ ಕಾಲು ಮಿ.ಮೀ. ಅನ್ನು ಉಪ್ಪುಕಾಗದಕ್ಕೇ ಬಿಡುವುದು ಲೇಸು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಯಲ್ಲೇ ಬಣ್ಣ ಕೂರಿಸುತ್ತಾರೆ. ಇಷ್ಟು ತೆಳು ಮರಕ್ಕೆ ಆ ಬಿಸಿ ಬೇಡವೆಂದು ನಾವು ಬರಿಯ ಮೇಣ ಉಜ್ಜಿದೆವು. ಲೇತ್ ಬಳಿ ನಿಲ್ಲುವ ಸೋದರಿಯರು ದುಪಟ್ಟಾದ ತುದಿಯನ್ನೂ ಸಡಿಲ ತೋಳನ್ನೂ ಬಿಗಿಯಾಗಿ ಕಟ್ಟಿಕೊಳ್ಳಿ. ಕನ್ನಡಕ, ಮುಖಕ್ಕೆ ಮಾಸ್ಕ್ ಮರೆಯಬೇಡಿ.

ಇಷ್ಟೆಲ್ಲ ಎಚ್ಚರಿಕೆಯಿದ್ದೂ ನಾಲ್ಕನೆಯ ಪಟ್ಟಿಯ ಒಂದು ತುಂಡು ಕೈಯಲ್ಲೇ ಸೀಳಿತು. ಅಣ್ಣ ಅರ್ಧ ಗಂಟೆ ಮಾತನಾಡಲಿಲ್ಲ. ಸ್ಲಿಮ್‌ಲೈನ್ ಪೆನ್ನಿಗೆ ಮೇಲೊಂದು ಕೆಳಗೊಂದು, ಹೀಗೆ ಎರಡು ತುಂಡುಗಳಿರುವುದೇ ನಮ್ಮನ್ನು ಕಾಪಾಡಿತು. ಉಳಿದ ಹಲಸಿನ ತುಂಡು ಮೇಲಕ್ಕೆ, ಆಚಾರಿಯವರಲ್ಲಿ ಬಿದ್ದಿದ್ದ ಬೀಟೆ ಮರದ ಚೂರು ಕೆಳಕ್ಕೆ. ಹಳದಿ ಮತ್ತು ಕಪ್ಪುಗೆಂಪಿನ ಆ ಪೆನ್ನನ್ನೇ ಉಮ್ಮ ತನಗೆಂದು ಎತ್ತಿಕೊಂಡರು.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಪೆನ್ನಿಗೆ ಹಿಡಿಸುವುದು ಕ್ರಾಸ್ ಮಾದರಿಯ ಸಪೂರ ರೀಫಿಲ್. ಸಿಗಾರ್, ಸಿಯೆರಾಗಳಿಗೆ ಬೇಕಾಗುವ ಪಾರ್ಕರ್ ಮಾದರಿಯದು ಇದಕ್ಕೆ ಕೂರದು. ಚಿಕ್ಕಮ್ಮ ತಮ್ಮ ಪೆನ್ನನ್ನು ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ. ಉಮ್ಮ ಮಾತ್ರ ದಿನವೂ ಹಾಲಿನ ಲೆಕ್ಕ ಬರೆದು ಮೂರೇ ತಿಂಗಳಲ್ಲಿ ಶಾಯಿ ಮುಗಿಸಿದರು. ನಮ್ಮೂರಿನ ಅಂಗಡಿಗಳಲ್ಲಿ ಹುಡುಕಿ ಸೋತು, ಕೊನೆಗೆ ಒಟ್ಟಿಗೆ ಹತ್ತು ರೀಫಿಲ್ ತರಿಸಿ ಅವರ ಹೊಲಿಗೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.