ಬೆಳೆದ ಮಕ್ಕಳೊಂದಿಗೆ ಮೊದಲ ಹಡಗು ಪ್ರವಾಸ

ಮಕ್ಕಳು ಚಿಕ್ಕವರಿದ್ದಾಗ ಪ್ರವಾಸ ಎಂದರೆ ಎಷ್ಟು ಸುಲಭ! ಬುತ್ತಿ ಕಟ್ಟಿಕೊಂಡು ಹೊರಟು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಟ್ಟರೆ ಅವರಿಗೆ ಅದೇ ಸ್ವರ್ಗ. ಅದೇ ಮಕ್ಕಳು ಕಾಲೇಜು ಸೇರಿ, ನೌಕರಿ ಹಿಡಿದ ಮೇಲೆ ನೋಡಿ. "ಎಲ್ಲರೂ ಸೇರಿ ಎಲ್ಲಿಗಾದರೂ ಹೋಗೋಣ" ಅಂದರೆ ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ರಜೆ ಇಲ್ಲ. ಇಬ್ಬರಿಗೂ ಬಿಡುವಿದ್ದರೆ ಸ್ನೇಹಿತರ ಜೊತೆ ಹೋಗುವ ಆಸೆ! ತಪ್ಪು ಅವರದಲ್ಲ, ವಯಸ್ಸಿನ ಗುಣ. ಆದರೆ ತಾಯಿಯಾದವಳ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದೇ ಇರುತ್ತದೆ: ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವ ವರ್ಷಗಳು ಇನ್ನೆಷ್ಟು ಉಳಿದಾವು?

ನಮ್ಮ ಮನೆಯಲ್ಲಿ ಆ ಲೆಕ್ಕ ಒಂದಕ್ಕೆ ಬಂದು ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಹದಿನೆಂಟು ತುಂಬಿದ ಮಗ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. "ಹಡಗಿನಲ್ಲಿ ಹೋಗೋಣಮ್ಮ" ಎಂದವಳು ಮಗಳೇ. ನನ್ನ ತವರು ಹರಿಹರ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ್ದು ಬಿಟ್ಟರೆ ನೀರಿನ ಮೇಲೆ ಕೂತವಳೇ ಅಲ್ಲ ನಾನು. ಆದರೂ ಹೂಂ ಅಂದೆ. ಹೋಗಿ ಬಂದೆವು. ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆಯಿದ್ದರೆ ಉಪಯೋಗವಾದೀತು ಎಂದು ನಮ್ಮ ತಯಾರಿಯನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಯಾವ ಹಡಗು, ಎಷ್ಟು ದಿನ?

ವಿಲಾಸಿ ಹಡಗು ಎಂದರೆ ವಿದೇಶಕ್ಕೇ ಹೋಗಬೇಕು ಎಂದು ತಿಳಿಯಬೇಡಿ. 2021ರ ಸೆಪ್ಟೆಂಬರಿನಿಂದ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಮುಂಬೈಯಿಂದ ಪ್ರವಾಸ ಶುರು ಮಾಡಿತು. 1990ರಲ್ಲಿ ಕಟ್ಟಿದ, 11 ಅಂತಸ್ತಿನ ಹಡಗು ಅದು. ಸುಮಾರು 1,800 ಪ್ರಯಾಣಿಕರು ಹಿಡಿಸುತ್ತಾರೆ. ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗಿಬರುತ್ತದೆ. ಲಕ್ಷದ್ವೀಪದಲ್ಲಿ 36 ದ್ವೀಪಗಳಿದ್ದು ಜನವಸತಿ ಇರುವುದು 10ರಲ್ಲಿ ಮಾತ್ರ. ಅಲ್ಲಿಗೆ ಕಾಲಿಡಲು ಸರ್ಕಾರದ ಅನುಮತಿ ಪತ್ರವೂ ಬೇಕು. ಹಾಗಾಗಿ ಮೊದಲ ಸಲಕ್ಕೆ ಗೋವಾ ಸಾಕು ಎನ್ನುವುದು ನನ್ನ ಸಲಹೆ. ಎರಡು ಮೂರು ರಾತ್ರಿಯಾದರೆ ಮಕ್ಕಳ ರಜೆಗೂ ಹೊಂದುತ್ತದೆ, ಸಮುದ್ರ ನಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಮುನಿದಿರುತ್ತದೆ. ದೀಪಾವಳಿ ಕಳೆದ ಮೇಲಿನ ಚಳಿಗಾಲವೇ ಒಳ್ಳೆಯದು. ದೇಶದೊಳಗಿನ ಪ್ರವಾಸಕ್ಕೆ ಆಧಾರ್ ಅಥವಾ ಮತದಾರರ ಚೀಟಿಯಂಥ ಫೋಟೋ ಇರುವ ಗುರುತಿನ ಚೀಟಿ ಸಾಕು. ಶ್ರೀಲಂಕಾದಂಥ ಕಡೆಗಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಟಿಕೆಟ್ಟಿನಲ್ಲಿರುವ ಹೆಸರೂ ಚೀಟಿಯಲ್ಲಿರುವ ಹೆಸರೂ ಅಕ್ಷರ ಬಿಡದಂತೆ ಒಂದೇ ಇರಲಿ.

ನಮ್ಮೂರಿನಿಂದ ದಾದರಿಗೆ ಚಾಲುಕ್ಯ ಎಕ್ಸ್‌ಪ್ರೆಸ್ ಇದೆ, ಆದರೆ ದಿನಾ ಇಲ್ಲ. ಹಡಗು ಹೊರಡುವ ದಿನ ಬೆಳಿಗ್ಗೆ ಮುಂಬೈ ಮುಟ್ಟಿದರಾಯಿತು ಎಂಬ ಯೋಚನೆ ಬೇಡ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ತಂಗಿ.

ಕೊಠಡಿ ಮತ್ತು ರೊಕ್ಕದ ಲೆಕ್ಕ

ಕಿಟಕಿಯಿಲ್ಲದ ಒಳಕೊಠಡಿ, ಸಮುದ್ರ ಕಾಣುವ ಕೊಠಡಿ, ಬಾಲ್ಕನಿ ಇರುವ ಕೊಠಡಿ ಎಂದು ದರ ಏರುತ್ತಾ ಹೋಗುತ್ತದೆ. ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೊಠಡಿಗಲ್ಲ, ಇಬ್ಬರು ಹಂಚಿಕೊಂಡರೆ ತಲೆಗೆ ಇಷ್ಟು ಎಂದು. ಅದರ ಮೇಲೆ ತೆರಿಗೆ, ಬಂದರಿನ ಶುಲ್ಕ, ಸೇವಾಶುಲ್ಕ ಬೇರೆ. ಆದ್ದರಿಂದ "ಎಲ್ಲ ಸೇರಿ ನಾಲ್ಕು ಜನಕ್ಕೆ ಕೊನೆಗೆ ಎಷ್ಟು?" ಎಂದು ಕೇಳಿ ಬರೆಸಿಕೊಳ್ಳಿ. ಸೀರೆ ಅಂಗಡಿಯಲ್ಲಿ ನಾವು ಬಿಡುತ್ತೇವೆಯೇ? ಇಲ್ಲೇಕೆ ಸಂಕೋಚ?

ನಾಲ್ವರೂ ಒಂದೇ ಕೊಠಡಿಯಲ್ಲಿ ಮಲಗಬಹುದು. ರೈಲಿನ ಮೇಲಿನ ಬರ್ತಿನ ಹಾಗೆ ಎರಡು ಹಾಸಿಗೆ ಇಳಿಸಿಕೊಡುತ್ತಾರೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಬೆಳೆದ ಮಗಳು, ಮೀಸೆ ಚಿಗುರಿದ ಮಗ, ಒಂದೇ ಬಚ್ಚಲು, ಕಾಲಿಡಲು ಎರಡು ಮೊಳ ಜಾಗ! ನಾವು ಎರಡು ಒಳಕೊಠಡಿ ಹಿಡಿದೆವು. ನಾನು, ಮಗಳು ಒಂದರಲ್ಲಿ. ಅಪ್ಪ, ಮಗ ಇನ್ನೊಂದರಲ್ಲಿ. ಕೊಠಡಿಯಲ್ಲಿ ನಿದ್ದೆಯ ಹೊತ್ತು ಬಿಟ್ಟರೆ ಇರುವವರಾರು? ಸಮುದ್ರ ನೋಡಲು ಮೇಲಿನ ಅಂಗಳವಿದೆ, ಅದಕ್ಕೆ ಬೇರೆ ದುಡ್ಡಿಲ್ಲ.

ಹಡಗಿನಲ್ಲಿ ಕೈಯಿಂದ ನೋಟು ಕೊಡುವ ಪದ್ಧತಿ ಕಡಿಮೆ. ಖರ್ಚೆಲ್ಲ ಕೊಠಡಿಯ ಕಾರ್ಡಿಗೆ ಏರಿ, ಇಳಿಯುವಾಗ ಒಟ್ಟು ಬಿಲ್ಲು ಬರುತ್ತದೆ. ಮಕ್ಕಳಿಗೆ ಇಷ್ಟೇ ಮೊತ್ತ ಎಂದು ಮೊದಲೇ ಹೇಳಿ, ಅದರೊಳಗೆ ಏನು ಬೇಕಾದರೂ ಮಾಡಿಕೊಳ್ಳಲು ಬಿಡಿ.

ಹೊರಡುವ ಮುಂಚೆ ಮಾತು

ಇದೇ ಎಲ್ಲಕ್ಕಿಂತ ಮುಖ್ಯ. ಹಡಗಿನಲ್ಲಿ ಈಜುಕೊಳ, ನಾಟಕ, ಸಂಗೀತ ಇರುವಂತೆ ಬಾರೂ ಇದೆ, ಕ್ಯಾಸಿನೊವೂ ಇದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಗಳು ಮೊದಲೇ ಹೇಳಿದ್ದಳು: "ಎಲ್ಲಿದೀಯ, ಎಲ್ಲಿದೀಯ ಅಂತ ತಾಸಿಗೊಮ್ಮೆ ಕೇಳೋದಾದ್ರೆ ನಾ ಬರೋಲ್ಲ ನೋಡಮ್ಮ." ನಮ್ಮ ಮನೆಯವರಿಗೆ ಸಿಟ್ಟು. "ರೊಕ್ಕ ಕೊಡೋರು ನಾವು, ಕಟ್ಟಳೆ ಹಾಕೋರು ಅವರೇನು?" ಎಂದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಪ್ರವಾಸವೇ ನಿಂತುಹೋಗುತ್ತದೆ ಎಂದುಕೊಂಡಿದ್ದೆ.

ಮೂರನೆಯ ದಿನ ಮಗಳನ್ನು ಫೋನಿನಲ್ಲಿ ಕೂರಿಸಿಕೊಂಡು ನಾಲ್ವರೂ ಮಾತಾಡಿದೆವು. ಕ್ಯಾಲೆಂಡರಿನ ಹಾಳೆಯ ಹಿಂದೆ ನಾನೇ ಬರೆದೆ. ಒಂದು: ರಾತ್ರಿ ಊಟ ನಾಲ್ವರೂ ಒಂದೇ ಮೇಜಿಗೆ, ಉಳಿದ ಹೊತ್ತು ಅವರವರದು. ಎರಡು: ಹನ್ನೊಂದಕ್ಕೆ ಕೊಠಡಿ ಸೇರಬೇಕು, ತಡವಾಗುವುದಿದ್ದರೆ ಬಂದು ಹೇಳಬೇಕು. ಮೂರು: ಗೋವಾದಲ್ಲಿ ಇಳಿದಾಗ ಬಾಡಿಗೆ ಸ್ಕೂಟರ್ ಬೇಡ, ಹಡಗಿನವರು ಹೇಳಿದ ಹೊತ್ತಿಗಿಂತ ಒಂದು ತಾಸು ಮುಂಚೆ ಬಂದರಿನಲ್ಲಿರಬೇಕು. ನಾಲ್ಕನೆಯದು ಮಕ್ಕಳು ನಮಗೆ ಹಾಕಿದ್ದು: ಅಪ್ಪ ಅಮ್ಮ ಹುಡುಕಿಕೊಂಡು ಬರಬಾರದು! ನಮ್ಮ ಮನೆಯವರು ನಕ್ಕುಬಿಟ್ಟರು. ಆ ನಗುವಿನಿಂದಲೇ ಟಿಕೆಟ್ ಆಯಿತು ಅನ್ನಿ.

ಇನ್ನೊಂದು ಮಾತು. ದಡ ದೂರವಾದಂತೆ ಮೊಬೈಲಿಗೆ ನಮ್ಮ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಸೇರುವ ಜಾಗ, ಸೇರುವ ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳಿ.

ಊಟ, ಔಷಧಿ, ಪೆಟ್ಟಿಗೆ

ಮೂರು ಹೊತ್ತಿನ ಊಟ ಟಿಕೆಟ್ಟಿನಲ್ಲೇ ಸೇರಿದೆ. ಸಸ್ಯಾಹಾರ ಧಾರಾಳ, ಜೈನರ ಊಟವೂ ಉಂಟು. ಮಡಿ-ಆಚಾರ ಹೆಚ್ಚಿದ್ದವರು ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ. ಬೆಣ್ಣೆದೋಸೆ, ಖಾರ ಮಂಡಕ್ಕಿಯ ನೆನಪನ್ನು ಮಾತ್ರ ಸ್ವಲ್ಪ ದಿನ ಬದಿಗಿಡಬೇಕು. ತಿಂಡಿಯ ಡಬ್ಬಿ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಚಕ್ಕುಲಿ, ಚಟ್ನಿಪುಡಿ ರೈಲಿನಲ್ಲೇ ಮುಗಿಸಿ. ಇಸ್ತ್ರಿ ಪೆಟ್ಟಿಗೆ, ಬೆಂಕಿಪೊಟ್ಟಣ, ಊದುಬತ್ತಿ ಬೇಡವೇ ಬೇಡ. ಹಡಗಿಗೆ ನೀರಿಗಿಂತ ಬೆಂಕಿಯ ಭಯ ಹೆಚ್ಚು. ಲಿಂಗಪೂಜೆಯವರಿಗೆ ವಿಭೂತಿ ಸಾಕು.

ಕೆಲವರಿಗೆ ಹಡಗು ತೂಗಿದಂತೆ ಹೊಟ್ಟೆ ತೊಳಸುತ್ತದೆ. ಕೆಳ ಅಂತಸ್ತಿನ, ಹಡಗಿನ ನಡುಭಾಗದ ಕೊಠಡಿಯಲ್ಲಿ ತೂಗಾಟ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಗಂಟಲವರೆಗೂ ಬೇಡ. ತಲೆ ತಿರುಗಿದರೆ ಹೊರಗೆ ಗಾಳಿಗೆ ಬಂದು ಬಾನಂಚನ್ನು ದಿಟ್ಟಿಸಿ. ಶುಂಠಿ ಹತ್ತಿರವಿರಲಿ. ಮಾತ್ರೆ ಬೇಕಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ. ಅದು ವಾಂತಿ ಶುರುವಾಗುವ ಮುಂಚೆ ನುಂಗುವಂಥದು, ನಿದ್ದೆಯನ್ನೂ ತರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕೊಠಡಿಗೆ ಬರಲು ತಾಸುಗಟ್ಟಲೆ ಆಗಬಹುದು.

ಸುರಕ್ಷತೆಯ ಕವಾಯತಿಗೆ ಕರೆದಾಗ ಹುಡುಗರು "ಬೋರು" ಅಂತಾರೆ. ಬಿಡಬೇಡಿ, ಎಳೆದುಕೊಂಡು ಹೋಗಿ. 2012ರ ಜನವರಿಯಲ್ಲಿ ಇಟಲಿಯ ದಡದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಆ ದಿನ ಹತ್ತಿದ್ದ ಎಷ್ಟೋ ಜನರಿಗೆ ಕವಾಯತೇ ಆಗಿರಲಿಲ್ಲ. ಆಮೇಲೆಯೇ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಕವಾಯತು ಆಗಬೇಕು ಎಂಬ ನಿಯಮ ಬಂತು.

ಫಲವೇನು?

ಇಷ್ಟು ದುಡ್ಡು ಸುರಿದು ಏನು ಸಿಕ್ಕಿತು ಎಂದು ನಮ್ಮ ಓಣಿಯವರು ಕೇಳಿದರು. ಮೂರು ದಿನ ಒಲೆ ಮುಟ್ಟಲಿಲ್ಲ, ಅದು ಹೇಗೂ ಸಿಕ್ಕಿತು. ಅದಕ್ಕಿಂತ ದೊಡ್ಡದು ಎರಡನೆಯ ರಾತ್ರಿ ಸಿಕ್ಕಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಗಳು ತಾನಾಗೇ ಬಂದು, "ಅಮ್ಮ, ಮೇಲೆ ಹೋಗೋಣ ಬಾ" ಅಂದಳು. ಕತ್ತಲಲ್ಲಿ ಗಾಳಿಗೆ ಕೂತು, ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲವೆಂದು, ಅದನ್ನು ಬೀಗರ ಮುಂದೆ ಹೇಳಲು ಭಯವಾಗುತ್ತದೆಂದು ಹೇಳಿಕೊಂಡಳು. ನಿಶ್ಚಯವಾಗಿ ಮೂರು ತಿಂಗಳಾದರೂ ಬಾಯಿಬಿಡದ ಮಾತು! ಊರಿಗೆ ಬಂದ ವಾರದಲ್ಲೇ ನಾವಿಬ್ಬರೂ ಹೋಗಿ ಬೀಗರ ಹತ್ತಿರ ಮಾತಾಡಿದೆವು. ಅವರೂ ಒಪ್ಪಿದರು.

ಹುಡುಕಿಕೊಂಡು ಹೋಗಿದ್ದರೆ ಆ ಮಾತು ನನಗೆ ಸಿಗುತ್ತಿರಲಿಲ್ಲ. ಬೆಳೆದ ಮಕ್ಕಳನ್ನು ಕರೆದುಕೊಂಡು ಹೋಗುವುದಲ್ಲ, ಅವರ ಜೊತೆ ಹೋಗುವುದು. ಹಡಗಿಗೆ ಅನುಕೂಲವಿಲ್ಲದಿದ್ದರೆ ಮುರುಡೇಶ್ವರವೋ, ಜೋಗವೋ ಆಗಲಿ, ಈ ಮಾತು ಅಲ್ಲಿಗೂ ಸಲ್ಲುತ್ತದೆ. ಯುಗಾದಿಗೆ ಮಕ್ಕಳೆಲ್ಲ ಮನೆಗೆ ಬರುತ್ತಾರಲ್ಲ, ಬೇವು-ಬೆಲ್ಲ ಹಂಚಿದ ಮೇಲೆ ಹೊಸ ಕ್ಯಾಲೆಂಡರ್ ಹರಡಿಕೊಂಡು ಕೂತು ಕೇಳಿ ನೋಡಿ: "ನಿಮಗೆ ಯಾವಾಗ ಬಿಡುವು?"