ಎತ್ತರದ ನೆಲೆಯಲ್ಲಿ ವ್ಯಾಸಂಗ: ಹೊಸಕೋಟೆಯಿಂದ ಹಾನ್ಲೆಗೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಮ್ಮ ಸೀಮೆಯ ಜನರಿಗೆ ಹೊಸದಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮಕ್ಕಳು ನಂದಿಬೆಟ್ಟವನ್ನು ನೋಡುತ್ತಲೇ ಬೆಳೆದವರು. ನೆಲಮಂಗಲದ ಮಕ್ಕಳಿಗೆ ಶಿವಗಂಗೆಯ ಶಿಖರವೇ ದಿಕ್ಕಿನ ಗುರುತು. ನಂದಿಯ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು ಎತ್ತರದಲ್ಲಿದೆ. ಮೆಟ್ಟಿಲೇರಿ ಅದನ್ನು ಹತ್ತಿದವನಿಗೆ ಏದುಸಿರು ಬಂದರೆ ಅದು ಕಾಲಿನ ದಣಿವು. ಬಂಡೆಯ ಮೇಲೆ ಹತ್ತು ನಿಮಿಷ ಕುಳಿತರೆ ಪರಿಹಾರವಾಗುತ್ತದೆ. ಆದರೆ ನಂದಿಯ ಮೂರು ಪಟ್ಟು ಎತ್ತರದಲ್ಲಿ, ಕುಳಿತರೂ ಏದುಸಿರು ಅಡಗದ ನೆಲವೊಂದುಂಟು. ಆ ನೆಲಕ್ಕೂ ನಮ್ಮ ಜಿಲ್ಲೆಗೂ ನಿಕಟವಾದ ನಂಟಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಹೊಸಕೋಟೆಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆವರಣವೊಂದಿದೆ. ಲಡಾಖಿನ ಹಾನ್ಲೆ ಎಂಬಲ್ಲಿ 4,500 ಮೀಟರು ಎತ್ತರದ ಗಿರಿಶಿಖರದ ಮೇಲೆ ನಿಂತಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ರಾತ್ರಿಯ ವೇಳೆ ನಡೆಸುವುದು ಈ ಆವರಣದಿಂದಲೇ. ಸಂಶೋಧನಾ ವಿದ್ಯಾರ್ಥಿಗಳು ಹೊಸಕೋಟೆಯಲ್ಲಿ ಕುಳಿತು ಹಾನ್ಲೆಯ ಆಕಾಶವನ್ನು ಪರಿಶೀಲಿಸುತ್ತಾರೆ. ಕೆಲವೊಮ್ಮೆ ಶಿಖರಕ್ಕೇ ಹೋಗಿ ದುಡಿಯುವ ಪ್ರಸಂಗವೂ ಬರುತ್ತದೆ. ಅಂಥ ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ, ಬಯಲಿನಿಂದ ಹೋದವನು ಅಲ್ಲಿನ ಬದುಕಿಗೂ ಅಭ್ಯಾಸಕ್ಕೂ ಹೇಗೆ ಒಗ್ಗಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸರಸ್ವತಿ ಪರ್ವತ

ನಕ್ಷತ್ರಗಳನ್ನು ನೋಡಲು ಅಷ್ಟು ಎತ್ತರಕ್ಕೆ ಏಕೆ ಹೋಗಬೇಕೆಂಬ ಪ್ರಶ್ನೆ ಸಹಜವಾದುದು. ನಕ್ಷತ್ರದಿಂದ ಹೊರಟ ಬೆಳಕು ಕೋಟ್ಯಂತರ ಮೈಲಿಗಳ ದೂರವನ್ನು ಅಡ್ಡಿಯಿಲ್ಲದೆ ಸಾಗಿಬಂದು, ಕಟ್ಟಕಡೆಯ ಕೆಲವೇ ಮೈಲಿಗಳಲ್ಲಿ ನಮ್ಮ ವಾಯುಮಂಡಲದ ಕೈಗೆ ಸಿಕ್ಕಿ ಕದಡಿಹೋಗುತ್ತದೆ. ಧೂಳು, ಮೋಡ, ನೀರಾವಿ, ಊರಿನ ದೀಪಗಳ ಬೆಳಕು ಇವೆಲ್ಲವೂ ಖಗೋಳಜ್ಞನಿಗೆ ವೈರಿಗಳು. ಅದರಲ್ಲೂ ನೀರಾವಿಯು ಅವಕೆಂಪು ಕಿರಣಗಳನ್ನು ಹೀರಿಬಿಡುತ್ತದೆ. ಹಿಮಾಲಯದ ಮಳೆನೆರಳಿನಲ್ಲಿರುವ ಹಾನ್ಲೆಯಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಹತ್ತು ಸೆಂಟಿಮೀಟರು ಮುಟ್ಟುವುದಿಲ್ಲ. ವರ್ಷದಲ್ಲಿ ಸುಮಾರು 250 ರಾತ್ರಿಗಳು ವೀಕ್ಷಣೆಗೆ ಒದಗುತ್ತವೆ.

1899ರಲ್ಲಿ ಕೊಡೈಕಾನಲಿನ ಸೌರ ವೀಕ್ಷಣಾಲಯ, ಅನಂತರ ಜವಾದಿ ಬೆಟ್ಟಗಳ ಕಾವಲೂರು, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಸಾಗಿಬಂದ ದಕ್ಷಿಣದ ಖಗೋಳ ಪರಂಪರೆಯು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಾನ್ಲೆಯನ್ನು ಮುಟ್ಟಿತು. ಅಲ್ಲಿನ ದಿಗ್ಪಾ ರತ್ಸಾ ರಿ ಎಂಬ ಗಿರಿಗೆ ಸರಸ್ವತಿ ಪರ್ವತವೆಂಬ ಹೆಸರೂ ಬಂದಿತು. ಎರಡು ಮೀಟರು ವ್ಯಾಸದ ಕನ್ನಡಿಯುಳ್ಳ ದೂರದರ್ಶಕವು 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕನ್ನು ಕಂಡಿತು. ನೊಬೆಲ್ ಪುರಸ್ಕೃತ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಅದಕ್ಕೆ ಇಡಲಾಯಿತು. 2001ರ ಜೂನಿನಲ್ಲಿ ಉಪಗ್ರಹ ಸಂಪರ್ಕದ ಮೂಲಕ ದೂರದಿಂದ ನಡೆಸುವ ವ್ಯವಸ್ಥೆಗೆ ಚಾಲನೆ ದೊರೆಯಿತು. 2003ರ ಆಗಸ್ಟಿನಲ್ಲಿ ದೂರದರ್ಶಕವು ವಿಧ್ಯುಕ್ತವಾಗಿ ರಾಷ್ಟ್ರಕ್ಕೆ ಸಮರ್ಪಿತವಾಯಿತು.

ಗಾಳಿಯ ಲೆಕ್ಕ

ಎತ್ತರದಲ್ಲಿ ಆಮ್ಲಜನಕ ಕಡಮೆ ಎಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊಸಕೋಟೆಯ ಗಾಳಿಯಲ್ಲಾಗಲಿ ಹಾನ್ಲೆಯ ಗಾಳಿಯಲ್ಲಾಗಲಿ ಆಮ್ಲಜನಕದ ಪಾಲು ನೂರಕ್ಕೆ ಇಪ್ಪತ್ತೊಂದೇ. ವ್ಯತ್ಯಾಸವಿರುವುದು ಗಾಳಿಯ ಒತ್ತಡದಲ್ಲಿ. ಸಮುದ್ರಮಟ್ಟದ ಒತ್ತಡವನ್ನು ನೂರೆಂದು ಇಟ್ಟುಕೊಂಡರೆ ಬೆಂಗಳೂರಿನ ಸೀಮೆಯಲ್ಲಿ ಅದು ಸುಮಾರು ತೊಂಬತ್ತು. ಹಾನ್ಲೆಯ ಶಿಖರದಲ್ಲಿ ಐವತ್ತೆಂಟರ ಆಸುಪಾಸು. ಅಂದರೆ ಒಂದೇ ಗುಟುಕು ಉಸಿರಿನಲ್ಲಿ ನಮ್ಮೂರಿನಲ್ಲಿ ದೊರೆಯುವ ಆಮ್ಲಜನಕದ ಮೂರನೆಯ ಎರಡು ಪಾಲು ಮಾತ್ರ ಅಲ್ಲಿ ದೊರೆಯುತ್ತದೆ. ಒತ್ತಡ ಕಡಮೆಯಾದ ಕಾರಣದಿಂದಲೇ ಅಲ್ಲಿ ನೀರು ಸುಮಾರು 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕುದಿಯುತ್ತದೆ. ತಪ್ಪಲೆಯಲ್ಲಿಟ್ಟ ಬೇಳೆ ಎಷ್ಟು ಹೊತ್ತು ಕುದಿದರೂ ಸರಿಯಾಗಿ ಬೇಯದು; ಕುಕ್ಕರಿಲ್ಲದೆ ಅಡುಗೆ ಸಾಗದು.

ಈ ಕೊರತೆಯನ್ನು ದೇಹವು ಸುಮ್ಮನೆ ಸಹಿಸುವುದಿಲ್ಲ. ಮೊದಲ ಗಳಿಗೆಯಿಂದಲೇ ಉಸಿರಾಟ ಆಳವಾಗುತ್ತದೆ, ನಾಡಿ ಚುರುಕಾಗುತ್ತದೆ. ಹೆಚ್ಚು ಉಸಿರಾಡಿದಂತೆಲ್ಲ ಇಂಗಾಲದ ಡೈ ಆಕ್ಸೈಡು ಅತಿಯಾಗಿ ಹೊರಹೋಗಿ ರಕ್ತದ ಕ್ಷಾರಗುಣ ಏರುತ್ತದೆ. ಅದನ್ನು ಸಮಸ್ಥಿತಿಗೆ ತರಲು ಮೂತ್ರಪಿಂಡಗಳು ಕೆಲವು ದಿನ ಶ್ರಮಿಸಬೇಕು. ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಬೇಕು. ಈ ಹೊಂದಾಣಿಕೆ ಪೂರ್ಣಗೊಳ್ಳುವ ಮುನ್ನ ನಿದ್ರೆಯಲ್ಲಿ ಉಸಿರು ಒಮ್ಮೆ ವೇಗವಾಗಿ, ಒಮ್ಮೆ ಕೆಲವು ಕ್ಷಣ ನಿಂತೇಹೋಗಿ, ಮಲಗಿದವನು ಬೆಚ್ಚಿ ಏಳುವುದುಂಟು. ಕೊರೋನಾ ಕಾಲದಲ್ಲಿ ನಮಗೆಲ್ಲ ಪರಿಚಿತವಾದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರೆ, ಇಲ್ಲಿ 97 ತೋರಿಸುತ್ತಿದ್ದ ಆರೋಗ್ಯವಂತನಿಗೆ ಅಲ್ಲಿ 80ರಿಂದ 90ರ ನಡುವಿನ ಅಂಕಿ ಕಾಣುವುದು ಸಾಮಾನ್ಯ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದಿದೆ. ಈ ಹೊಂದಾಣಿಕೆಯನ್ನು ಮನೋಬಲದಿಂದಾಗಲಿ ಅಂಗಸಾಧನೆಯಿಂದಾಗಲಿ ಅವಸರಪಡಿಸಲು ಬರುವುದಿಲ್ಲ. ಗರಡಿಯಲ್ಲಿ ಪಳಗಿದ ತರುಣನೂ ಪುಸ್ತಕದ ಹುಳುವೂ ಎತ್ತರದ ಮುಂದೆ ಸಮಾನರು. ತನ್ನ ಶಕ್ತಿಯನ್ನು ನಂಬಿ ಬೇಗ ಏರುವ ಕಾರಣ ದೃಢಕಾಯನೇ ಮೊದಲು ಹಾಸಿಗೆ ಹಿಡಿಯುವುದೂ ಉಂಟು.

ಅಪಾಯದ ಸೂಚನೆಗಳು

ಎತ್ತರಕ್ಕೆ ಬಂದ ಆರರಿಂದ ಹನ್ನೆರಡು ಗಂಟೆಗಳೊಳಗೆ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಕಾಣಿಸಿಕೊಂಡರೆ ಅದು ಗಿರಿವ್ಯಾಧಿಯ ಮೊದಲ ಮೆಟ್ಟಿಲು. ಇದ್ದಲ್ಲೇ ವಿಶ್ರಮಿಸಿದರೆ ಒಂದೆರಡು ದಿನಗಳಲ್ಲಿ ಬಹುಪಾಲು ಶಮನವಾಗುತ್ತದೆ. ಅದನ್ನು ಲೆಕ್ಕಿಸದೆ ಇನ್ನೂ ಮೇಲೇರಿದರೆ ಎರಡು ಘೋರ ಅವಸ್ಥೆಗಳು ಒದಗಬಹುದು. ಒಂದು, ಶ್ವಾಸಕೋಶದಲ್ಲಿ ದ್ರವ ತುಂಬುವುದು. ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟುವುದು, ಬಿಡದ ಕೆಮ್ಮು, ಕಫದಲ್ಲಿ ನೊರೆ ಇದರ ಲಕ್ಷಣಗಳು. ಇನ್ನೊಂದು, ಮೆದುಳು ಊದಿಕೊಳ್ಳುವುದು. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಆಮ್ಲಜನಕ ಕೊಟ್ಟು ತಕ್ಷಣವೇ ಕೆಳಗಿಳಿಸುವುದೊಂದೇ ಜೀವ ಉಳಿಸುವ ಮಾರ್ಗ.

ಈ ತಿಳಿವಳಿಕೆಯ ಒಂದು ದೊಡ್ಡ ಭಾಗ ನಮ್ಮ ದೇಶದ ಯೋಧರ ಸಂಕಟದಿಂದಲೇ ಬಂದುದು. 1962ರ ಯುದ್ಧಕಾಲದಲ್ಲಿ ಬಯಲಿನಿಂದ ಒಮ್ಮೆಲೇ ಹಿಮಾಲಯಕ್ಕೆ ಏರಿದ ಸೈನಿಕರಲ್ಲಿ ಅನೇಕರು ಈ ವ್ಯಾಧಿಗೆ ತುತ್ತಾದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಗಿರಿವೈದ್ಯಕ್ಕೆ ಆಧಾರಗ್ರಂಥಗಳಲ್ಲೊಂದಾಯಿತು.

ವೈದ್ಯರು ಇಂದು ಹೇಳುವ ನಿಯಮ ಸರಳವಾದುದು: 3,000 ಮೀಟರಿನಿಂದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಪೂರ್ಣ ವಿಶ್ರಾಂತಿ ಬೇಕು. ಈ ನಿಯಮವನ್ನು ನಮ್ಮ ವಿದ್ಯಾರ್ಥಿಯ ಪ್ರಯಾಣಕ್ಕೆ ಅನ್ವಯಿಸಿ ನೋಡೋಣ. ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನವೇರಿ ದೆಹಲಿಯ ಮೂಲಕ ಲೇಹ್ ಸೇರಿದವನು ಒಂದೇ ದಿನದಲ್ಲಿ 900 ಮೀಟರಿನಿಂದ 3,500 ಮೀಟರಿಗೆ ಏರಿರುತ್ತಾನೆ. ಆದುದರಿಂದ ಲೇಹ್‌ನಲ್ಲಿ ಮೊದಲ ಎರಡು ದಿನ ಕೋಣೆಯಲ್ಲಿಯೇ ವಿಶ್ರಮಿಸಿ, ಮೂರನೆಯ ದಿನ ಅಷ್ಟಿಷ್ಟು ಅಡ್ಡಾಡಿ, ದೇಹ ಒಪ್ಪಿದ ಮೇಲೆಯೇ ಸಿಂಧೂ ನದಿಯ ಕಣಿವೆಯ ಗುಂಟ ಸುಮಾರು 250 ಕಿಲೋಮೀಟರು ದೂರದ ಹಾನ್ಲೆಗೆ ಹೊರಡಬೇಕು. ಹಾನ್ಲೆಯ ಬಯಲೇ 4,200 ಮೀಟರಿಗೂ ಮಿಗಿಲಾದುದರಿಂದ ಅಲ್ಲಿ ಮತ್ತೊಮ್ಮೆ ವಿರಾಮ ಅವಶ್ಯ. ಸಮಯವಿದ್ದವರಿಗೆ ಶ್ರೀನಗರ, ಕಾರ್ಗಿಲ್‌ಗಳ ಮೂಲಕ ರಸ್ತೆಯಲ್ಲಿ ಹಂತಹಂತವಾಗಿ ಲೇಹ್‌ಗೆ ಏರುವ ದಾರಿ ದೇಹಕ್ಕೆ ಹೆಚ್ಚು ಹಿತವಾದುದು. ಮಾತ್ರೆಗಳೂ ಇವೆ, ಅವನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ಸೇವಿಸತಕ್ಕದ್ದು.

ಬಯಲ ಬದುಕು

ಚಳಿಗಾಲದಲ್ಲಿ ಹಾನ್ಲೆಯ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುತ್ತದೆ. ದಪ್ಪನೆಯ ಒಂದು ಕೋಟಿಗಿಂತ ಒಂದರ ಮೇಲೊಂದು ತೊಟ್ಟ ಮೂರು ನಾಲ್ಕು ತೆಳು ಉಡುಪುಗಳು ಹೆಚ್ಚು ಬೆಚ್ಚಗಿರುತ್ತವೆ. ಅವುಗಳ ನಡುವೆ ಸಿಕ್ಕ ಗಾಳಿಯೇ ಕಂಬಳಿಯಾಗುತ್ತದೆ. ಬರಿಗೈಯಿಂದ ಲೋಹವನ್ನು ಮುಟ್ಟಬಾರದು. ಒಣಹವೆಯು ಉಸಿರಿನ ಮೂಲಕವೇ ದೇಹದ ನೀರನ್ನು ಕದಿಯುವುದರಿಂದ ಬಾಯಾರಿಕೆಯಿಲ್ಲದಿದ್ದರೂ ನೀರು ಕುಡಿಯುತ್ತಿರಬೇಕು. ಸಾವಿರ ಮೀಟರು ಏರಿದಂತೆಲ್ಲ ನೇರಳಾತೀತ ಕಿರಣಗಳ ತೀಕ್ಷ್ಣತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಆದುದರಿಂದ ಚಳಿಯಲ್ಲೂ ಬಿಸಿಲಿನಿಂದ ಕಣ್ಣು, ಚರ್ಮಗಳನ್ನು ಕಾಯ್ದುಕೊಳ್ಳಬೇಕು.

ಈ ವಿಷಯಗಳಲ್ಲಿ ಅಲ್ಲಿನ ಜನರೇ ಗುರುಗಳು. ಹದಿನೇಳನೆಯ ಶತಮಾನದ ಬೌದ್ಧ ಮಠವೊಂದು ಹಾನ್ಲೆಯ ದಿಣ್ಣೆಯ ಮೇಲಿದೆ. ಸುತ್ತಲಿನ ಚಾಂಗ್‌ಪಾ ಪಶುಪಾಲಕರು ಪಶ್ಮೀನಾ ಆಡುಗಳನ್ನು ಮೇಯಿಸುತ್ತ ತಲೆತಲಾಂತರದಿಂದ ಬಾಳಿಬಂದವರು. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟೇ ಅವರ ಬುತ್ತಿ. ನಮ್ಮ ಸೀಮೆಯ ರಾಗಿ ಹುರಿಹಿಟ್ಟಿಗೆ ಅದು ಹತ್ತಿರದ ಬಂಧು. ಮೊದಲೇ ಹುರಿದ ಹಿಟ್ಟಾದುದರಿಂದ ನೀರು ಬೇಗ ಕುದಿದುಹೋಗುವ ತೊಡಕು ಅದನ್ನು ಬಾಧಿಸದು. ಟಿಬೆಟ್ ಮೂಲದ ಜನರ ವಂಶವಾಹಿಗಳಲ್ಲಿಯೇ ಎತ್ತರಕ್ಕೆ ಒಗ್ಗಿದ ವಿಶೇಷ ಲಕ್ಷಣವಿರುವುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಅವರು ಸರಾಗವಾಗಿ ಓಡಾಡುವುದನ್ನು ಕಂಡು ಬಯಲಿನವನು ಅದೇ ವೇಗದಲ್ಲಿ ನಡೆಯಹೊರಟರೆ ಕೆಟ್ಟ.

ಬುದ್ಧಿಯ ಮೇಲಿನ ಪರಿಣಾಮ

ಆಮ್ಲಜನಕದ ಹಸಿವು ಹೆಚ್ಚಾಗಿರುವ ಅಂಗ ಮೆದುಳು. ಎತ್ತರದಲ್ಲಿ ಬಾಯಿಲೆಕ್ಕ ನಿಧಾನವಾಗುತ್ತದೆ, ಈಗತಾನೇ ಓದಿದ ಅಂಕಿ ಮರೆಯುತ್ತದೆ, ಒಂದೇ ತಪ್ಪನ್ನು ಎರಡು ಬಾರಿ ಮಾಡಿದರೂ ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ, ತನ್ನ ಬುದ್ಧಿ ಮಂದವಾಗಿದೆಯೆಂದು ಅರಿಯಬೇಕಾದುದೂ ಅದೇ ಮಂದಬುದ್ಧಿಯೇ. ಕತ್ತಲಲ್ಲಿ ನೋಡುವ ಕಣ್ಣಿನ ಶಕ್ತಿಯಂತೂ 1,500 ಮೀಟರಿನ ಆಸುಪಾಸಿನಿಂದಲೇ ಕುಗ್ಗತೊಡಗುತ್ತದೆ.

ಆದುದರಿಂದ ಅಲ್ಲಿ ವ್ಯಾಸಂಗದ ಕ್ರಮವೇ ಬೇರೆಯಾಗಬೇಕು. ಆಲೋಚನೆಯ ಕೆಲಸವನ್ನು ಕೆಳಗೇ ಮುಗಿಸಿಕೊಂಡು ಹೋಗುವುದು ಲೇಸು. ಯಾವ ನಕ್ಷತ್ರ, ಯಾವ ವೇಳೆ, ಎಷ್ಟು ನಿಮಿಷ ಎಂಬುದೆಲ್ಲವೂ ಹೊರಡುವ ಮುನ್ನ ಕಾಗದದ ಮೇಲೆ ಇಳಿದಿರಬೇಕು. ನೆನಪನ್ನು ನಂಬದೆ ಪ್ರತಿಯೊಂದನ್ನೂ ಆಗಿಂದಾಗ್ಗೆ ದಿನಚರಿಯಲ್ಲಿ ಬರೆಯಬೇಕು. ಒಬ್ಬನ ಲೆಕ್ಕವನ್ನು ಇನ್ನೊಬ್ಬ ಪರಿಶೀಲಿಸಬೇಕು. ಫಲಿತಾಂಶದ ವಿವೇಚನೆಯನ್ನು ಇಳಿದುಬಂದ ಮೇಲೆ ಇಟ್ಟುಕೊಳ್ಳಬೇಕು.

ಹೊಸಕೋಟೆಯ ಪಾತ್ರ

ಈ ಹಿನ್ನೆಲೆಯಲ್ಲಿ ನೋಡಿದಾಗ ಹೊಸಕೋಟೆಯ ಕೇಂದ್ರದ ಮಹತ್ವ ತಿಳಿಯುತ್ತದೆ. ಹವಾಯಿಯ ಮೌನಾ ಕೇ ಶಿಖರದ ಖಗೋಳಜ್ಞರಿಗೆ 2,800 ಮೀಟರಿನಲ್ಲಿ ತಂಗುದಾಣವಿದೆ. ಚಿಲಿ ದೇಶದಲ್ಲಿ 5,000 ಮೀಟರಿನ ಪ್ರಸ್ಥಭೂಮಿಯಲ್ಲಿರುವ ಆಲ್ಮಾ ದೂರದರ್ಶಕಗಳನ್ನು 2,900 ಮೀಟರಿನಿಂದ ನಡೆಸುತ್ತಾರೆ. ನಮ್ಮವರು ಇದೇ ತತ್ತ್ವವನ್ನು ದೇಶದ ಉದ್ದಕ್ಕೂ ಚಾಚಿ, ಯಂತ್ರವನ್ನು ಮೇಲಿಟ್ಟು ಬುದ್ಧಿಯನ್ನು ಬಯಲಿನಲ್ಲಿ ಉಳಿಸಿಕೊಂಡರು. ವೀಕ್ಷಕನು ತುಂಬಿದ ಉಸಿರಿನೊಡನೆ ಕುಳಿತು ದೂರದರ್ಶಕಕ್ಕೆ ಆಣತಿಯನ್ನೀಯುತ್ತಾನೆ. ಚಿತ್ರಗಳು ಉಪಗ್ರಹದ ಮೂಲಕ ಅವನ ಮುಂದೆ ಬಂದು ನಿಲ್ಲುತ್ತವೆ.

ಹಾಗೆಂದು ಶಿಖರದಲ್ಲಿ ಮನುಷ್ಯರ ಅವಶ್ಯಕತೆ ತಪ್ಪಿಲ್ಲ. ಬೆಳಕು ಗ್ರಹಿಸುವ ಉಪಕರಣವನ್ನು ತಂಪಾಗಿಡಲು ದ್ರವ ನೈಟ್ರೋಜನ್ ತುಂಬುವವರು, ಕೆಟ್ಟುದನ್ನು ಚಳಿಯಲ್ಲಿ ಸರಿಪಡಿಸುವವರು ಅಲ್ಲಿಯೇ ಇರಬೇಕು. ಲಡಾಖಿನವರೇ ಆದ ಇಂಜಿನಿಯರ್ ದೋರ್ಜೆ ಆಂಗ್ಚುಕ್ ಅವರು ಈ ವೀಕ್ಷಣಾಲಯದ ಹೊಣೆ ಹೊತ್ತು ದೀರ್ಘಕಾಲ ದುಡಿದವರು. ಹೊಸಕೋಟೆಯಲ್ಲಿ ಸಿದ್ಧವಾಗುವ ಪ್ರಬಂಧದ ಹಿಂದೆ ಹಾನ್ಲೆಯವರ ಕಾಯಕವೂ ಇದೆಯೆಂಬುದನ್ನು ವಿದ್ಯಾರ್ಥಿಯು ಮರೆಯಲಾಗದು. ಒಮ್ಮೆಯಾದರೂ ಆ ಎತ್ತರವನ್ನು ಕಂಡುಬಂದವನು, ಮೇಲಿನವರು ಉತ್ತರಿಸಲು ಎರಡು ನಿಮಿಷ ತಡಮಾಡಿದರೆ ಸಿಡಿಮಿಡಿಗೊಳ್ಳುವುದಿಲ್ಲ.

ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಭಾರೀ ಗಾತ್ರದ ಗಾಮಾ ಕಿರಣ ದೂರದರ್ಶಕವೊಂದು 2024ರ ಅಕ್ಟೋಬರಿನಲ್ಲಿ ಅಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಗೆ ಹೋಗಬೇಕಾದ ತರುಣರ ಸಂಖ್ಯೆ ಮುಂದೆ ಹೆಚ್ಚುವುದೇ ಸಹಜ. ಅವರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೊರಟವರೂ ಇರಲೆಂಬುದು ನಮ್ಮೆಲ್ಲರ ಆಶಯ.

ಅಂಥವರಿಗೆ ವಿದ್ಯಾರ್ಥಿವೇತನವನ್ನೂ ಪುಸ್ತಕಗಳನ್ನೂ ಒದಗಿಸುವ ದಾನಿಗಳು, ಬೆಚ್ಚನೆಯ ಉಡುಪಿನ ವೆಚ್ಚವನ್ನೂ ಲೇಹ್‌ನಲ್ಲಿ ತಂಗುವ ಹೆಚ್ಚಿನ ಮೂರು ನಾಲ್ಕು ದಿನಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಣದ ಅಭಾವದಿಂದ ಉಳಿತಾಯ ಮಾಡಹೊರಟವನು ಮೊದಲು ಕತ್ತರಿಸುವುದು ಈ ವಿಶ್ರಾಂತಿಯ ದಿನಗಳನ್ನೇ. ಶಿಕ್ಷಕರು ಕಲಿಸಬೇಕಾದ ಪಾಠವೂ ಒಂದಿದೆ. ಕಷ್ಟವನ್ನು ನುಂಗಿಕೊಂಡು ಮುಂದುವರಿಯುವುದೇ ಒಳ್ಳೆಯ ವಿದ್ಯಾರ್ಥಿಯ ಲಕ್ಷಣವೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಇತರರಿಗಿಂತ ಹಿಂದೆ ಬಿದ್ದನೆಂಬ ಅಪಖ್ಯಾತಿಗೆ ಅಂಜಿ ತಲೆನೋವನ್ನು ಬಚ್ಚಿಡುವ ವಿದ್ಯಾರ್ಥಿಗೆ ಎತ್ತರದ ನೆಲದಲ್ಲಿ ಆ ಗುಣವೇ ಮೃತ್ಯುವಾಗಬಹುದು. ತಲೆ ನೋಯುತ್ತಿದ್ದರೆ ಸಂಕೋಚವಿಲ್ಲದೆ ಜೊತೆಯವರಿಗೆ ಹೇಳು, ಇಳಿ ಎಂದರೆ ಮರುಮಾತಿಲ್ಲದೆ ಇಳಿ ಎಂಬ ಎರಡು ಮಾತುಗಳನ್ನು ಅವನು ನಮ್ಮ ಶಾಲೆಯಲ್ಲಿರುವಾಗಲೇ ಕೇಳಿಸಿಕೊಂಡಿರಬೇಕು. ನಕ್ಷತ್ರಗಳು ನಾಳೆಯೂ ಅಲ್ಲಿಯೇ ಇರುತ್ತವೆ. ಅವನ್ನು ನೋಡುವವನು ಕ್ಷೇಮವಾಗಿ ಊರಿಗೆ ಮರಳಬೇಕು.