ನಾಯಕನಿಲ್ಲದ ವಾದ್ಯವೃಂದ

1944ರ ಡಿಸೆಂಬರ್ 15ರಂದು ಇಂಗ್ಲೆಂಡಿನ ಬೆಡ್‌ಫರ್ಡ್ ಸಮೀಪದ ಟ್ವಿನ್‌ವುಡ್ ಫಾರ್ಮ್ ವಿಮಾನ ನಿಲ್ದಾಣದಿಂದ ಒಂಟಿ ಎಂಜಿನ್ನಿನ ಸಣ್ಣ ವಿಮಾನವೊಂದು ಪ್ಯಾರಿಸಿನತ್ತ ಹೊರಟಿತು. ಅದರಲ್ಲಿದ್ದ ಮೂವರಲ್ಲಿ ಒಬ್ಬರು ಅಮೆರಿಕದ ವಾಯುಪಡೆಯ ವಾದ್ಯವೃಂದದ ನಾಯಕ ಮೇಜರ್ ಗ್ಲೆನ್ ಮಿಲ್ಲರ್. ವಿಮಾನ ಪ್ಯಾರಿಸನ್ನು ತಲುಪಲಿಲ್ಲ. ನಡುವಿನ ಕಡಲ್ಗಾಲುವೆಯಲ್ಲಿ ಕಣ್ಮರೆಯಾದ ಆ ಮೂವರ ಶರೀರಗಳೂ ದೊರೆಯಲಿಲ್ಲ. ಮಿಲ್ಲರ್‌ಗೆ ಆಗ 40 ವರ್ಷ ವಯಸ್ಸು. ಕೆಲವೇ ದಿನಗಳಲ್ಲಿ ಅವರ ವಾದಕರು ಪ್ಯಾರಿಸಿಗೆ ಹೋಗಿ, ನಾಯಕನಿಲ್ಲದೆಯೇ, ಯುದ್ಧಭೂಮಿಯ ಸೈನಿಕರಿಗಾಗಿ ನುಡಿಸಿದರು. ಗೋರಿಯೂ ಇಲ್ಲದ ಆ ಮನುಷ್ಯನ ಹೆಸರನ್ನು ಹೊತ್ತ ವೃಂದವು 80 ವರ್ಷಗಳಾದ ಮೇಲೂ ಊರಿಂದೂರಿಗೆ ಸಂಚರಿಸುತ್ತಾ ಅದೇ ರಾಗಗಳನ್ನು ನುಡಿಸುತ್ತಿದೆ.

ಸ್ವಿಂಗ್ ಎಂಬ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಿರಬಹುದು. ನಾದ ಮಾತ್ರ ಹೊಸದಲ್ಲ. 1950ರ ದಶಕದ ಹಿಂದಿ ಚಿತ್ರಗಳ ಕ್ಲಬ್ ಹಾಡುಗಳನ್ನು ರೇಡಿಯೋದಲ್ಲಿ ಕೇಳಿದವರು ಅದರ ನೆರಳನ್ನಾದರೂ ಕೇಳಿದ್ದಾರೆ. ಅಮೆರಿಕದಲ್ಲಿ 1935ರಿಂದ ಸುಮಾರು ಹತ್ತು ವರ್ಷ ಅದು ಜನಸಾಮಾನ್ಯರು ಕುಣಿಯುವ ಸಂಗೀತವಾಗಿತ್ತು. ನಾಲ್ಕು ಟ್ರಂಪೆಟ್, ಮೂರು ನಾಲ್ಕು ಟ್ರಾಂಬೋನ್, ಐದು ಸ್ಯಾಕ್ಸೊಫೋನ್, ಜೊತೆಗೆ ಪಿಯಾನೋ, ಗಿಟಾರ್, ಬೇಸ್ ಮತ್ತು ಡ್ರಮ್ - ಹೀಗೆ ಹದಿನಾರು ಹದಿನೇಳು ಮಂದಿ. ಒಂದು ಗುಂಪು ಕರೆದರೆ ಇನ್ನೊಂದು ಗುಂಪು ಓಗೊಡುತ್ತದೆ. ನಮ್ಮ ಪ್ರಾರ್ಥನಾವಿಧಿಯಲ್ಲಿ ಒಬ್ಬರು ಕೀರ್ತನೆಯ ಚರಣವನ್ನು ಹಾಡಿ ಸಭೆ ಪಲ್ಲವಿಯನ್ನು ಹಾಡುವುದಿಲ್ಲವೇ, ಸರಿಸುಮಾರು ಹಾಗೆ.

ಇಲ್ಲೊಂದು ಸೂಕ್ಷ್ಮವಿದೆ. ಸ್ವಿಂಗ್ ಸಂಗೀತದ ಹಾಳೆಯಲ್ಲಿ ಎರಡು ಸ್ವರಗಳನ್ನು ಸಮಪ್ರಮಾಣದಲ್ಲಿ ಬರೆದಿರುತ್ತಾರೆ; ನುಡಿಸುವಾಗ ಮೊದಲನೆಯದು ದೀರ್ಘವಾಗುತ್ತದೆ, ಎರಡನೆಯದು ಹ್ರಸ್ವವಾಗುತ್ತದೆ. ಎಷ್ಟು ದೀರ್ಘ, ಎಷ್ಟು ಹ್ರಸ್ವ ಎಂಬುದನ್ನು ಕಾಗದ ಹೇಳುವುದಿಲ್ಲ. ಬಲ್ಲವನ ಪಕ್ಕದಲ್ಲಿ ಕುಳಿತೇ ಅದನ್ನು ಕಲಿಯಬೇಕು. ಇದನ್ನು ತಿಳಿದಾಗ ನಮಗೆ ನೆನಪಾದದ್ದು ಫ್ರಾನ್ಸಿನ ಸೊಲೆಮ್ ಮಠ. 1833ರಲ್ಲಿ ದೋಂ ಗೆರಾಂಜೆ ಪುನಃ ಸ್ಥಾಪಿಸಿದ ಆ ಮಠದ ಬೆನೆಡಿಕ್ಟೀನ್ ಸನ್ಯಾಸಿಗಳು ಗ್ರೆಗೋರಿಯನ್ ಗಾನವನ್ನು ಅದರ ಹಳೆಯ ರೂಪಕ್ಕೆ ಮರಳಿ ತರಲು ದಶಕಗಳ ಕಾಲ ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು. ಸ್ವರಗಳು ಸಿಕ್ಕವು. ಲಯದ ಬಗೆಗಿನ ವಾದ ಇಂದಿಗೂ ಮುಗಿದಿಲ್ಲ, ಏಕೆಂದರೆ ಹಾಡುವವರ ಸರಪಣಿ ನಡುವೆ ಎಲ್ಲೋ ಕಡಿದುಹೋಗಿತ್ತು. ಪರಂಪರೆಗೆ ಗ್ರಂಥವೊಂದೇ ಸಾಲದು, ಅದನ್ನು ಹೊತ್ತು ತರುವ ಜೀವಂತ ಮನುಷ್ಯರೂ ಬೇಕೆಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ನೃತ್ಯಸಂಗೀತವೊಂದು ಅದನ್ನೇ ಮತ್ತೆ ನೆನಪಿಸೀತೆಂದು ನಾವು ಎಣಿಸಿರಲಿಲ್ಲ.

ಮಿಲ್ಲರ್ ಪ್ರತಿಭೆಗಿಂತ ಪರಿಶ್ರಮದಿಂದ ಮೇಲೆ ಬಂದವರೆಂದೇ ನಮ್ಮ ಎಣಿಕೆ. ಟ್ರಾಂಬೋನ್ ವಾದಕರಾಗಿ ತಮಗಿಂತ ಮಿಗಿಲಾದವರಿದ್ದಾರೆಂಬುದನ್ನು ಅವರು ಬಲ್ಲವರಾಗಿದ್ದರು. 1937ರಲ್ಲಿ ಕಟ್ಟಿದ ಮೊದಲ ವೃಂದ ಸೋತು ಚದುರಿತು. 1938ರಲ್ಲಿ ಮತ್ತೆ ಕಟ್ಟಿದಾಗ ಅವರು ಸ್ಯಾಕ್ಸೊಫೋನ್‌ಗಳ ಮೇಲೆ ಒಂದು ಕ್ಲಾರಿನೆಟ್ಟನ್ನು ನಿಲ್ಲಿಸಿ ಅದಕ್ಕೆ ರಾಗವನ್ನು ಕೊಟ್ಟರು. ಒಂದು ಟೆನರ್ ಸ್ಯಾಕ್ಸೊಫೋನ್ ಅದೇ ರಾಗವನ್ನು ಒಂದು ಸ್ಥಾಯಿ ಕೆಳಗೆ ಅನುಸರಿಸಿತು, ಉಳಿದವು ನಡುವೆ ತುಂಬಿಕೊಂಡವು. ಆ ಮೃದುವಾದ ನಾದವೇ ಅವರ ಗುರುತಾಯಿತು. 1942ರ ಫೆಬ್ರವರಿಯಲ್ಲಿ ಅವರ ‘ಚಟನೂಗ ಚೂ ಚೂ’ ಧ್ವನಿಮುದ್ರಿಕೆಯ 12 ಲಕ್ಷ ಪ್ರತಿಗಳು ಮಾರಾಟವಾದುದಕ್ಕೆ ಬಂಗಾರದ ಲೇಪನವಿದ್ದ ತಟ್ಟೆಯನ್ನು ಕೊಟ್ಟು ಗೌರವಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಾಭದ ಆ ವೃಂದವನ್ನು ವಿಸರ್ಜಿಸಿ ಸೈನ್ಯಕ್ಕೆ ಸೇರಿದರು. ಕರೆ ಬರುವ ವಯಸ್ಸನ್ನು ಅವರು ದಾಟಿದ್ದರೆಂಬುದನ್ನು ಮರೆಯಬಾರದು.

ಯುದ್ಧ ಮುಗಿಯುವಷ್ಟರಲ್ಲಿ ಈ ಸಂಗೀತದ ಕಾಲವೂ ಮುಗಿಯತೊಡಗಿತು. ಪೆಟ್ರೋಲ್ ಮತ್ತು ಟೈರುಗಳ ಪಡಿತರ, 1942ರಲ್ಲಿ ಆರಂಭವಾದ ವಾದಕರ ಧ್ವನಿಮುದ್ರಣ ಮುಷ್ಕರ, ಕುಣಿತದ ಸಭಾಂಗಣಗಳ ಮೇಲೆ 1944ರಲ್ಲಿ ಬಿದ್ದ ಭಾರೀ ತೆರಿಗೆ - ಹದಿನೇಳು ಮಂದಿಗೆ ಸಂಬಳ ಕೊಡುವುದು ಅಸಾಧ್ಯವಾಯಿತು. 1946ರ ಕೊನೆಯಲ್ಲಿ ಹೆಸರಾಂತ ಹಲವು ವೃಂದಗಳು ಒಂದರ ಹಿಂದೆ ಒಂದರಂತೆ ಮುಚ್ಚಿದವು.

ಮಿಲ್ಲರ್ ಅವರ ಹೆಸರಿನ ವೃಂದವನ್ನು ಯುದ್ಧಾನಂತರ ನಡೆಸಿದವರು ಅವರದೇ ಸ್ಯಾಕ್ಸೊಫೋನ್ ವಾದಕ ಟೆಕ್ಸ್ ಬೆನೆಕೆ. ಅವರಿಗೆ ಹೊಸತನ್ನು ಸೇರಿಸುವ ಆಸೆ. ಮಿಲ್ಲರ್ ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದವರಿಗೆ ಹಳೆಯ ನಾದವೇ ಬೇಕೆಂಬ ಹಟ. 1950ರಲ್ಲಿ ಇಬ್ಬರೂ ಬೇರೆಯಾದರು. 1956ರಲ್ಲಿ, ಮಿಲ್ಲರ್ ಜೊತೆ ಸೈನ್ಯದಲ್ಲಿ ನುಡಿಸಿದ್ದ ಡ್ರಮ್ ವಾದಕ ರೇ ಮೆಕಿನ್ಲಿ ಅವರ ಮುಂದಾಳ್ತನದಲ್ಲಿ ವೃಂದ ಪುನಃ ಹುಟ್ಟಿತು. ಅಂದಿನಿಂದ ನಾಯಕರು ಬದಲಾಗಿದ್ದಾರೆ, ವಾದಕರು ನೂರಾರು ಬಾರಿ ಬದಲಾಗಿದ್ದಾರೆ. ಮಿಲ್ಲರ್ ಅವರನ್ನು ಕಂಡವರು ಯಾರೂ ಈಗ ಅಲ್ಲಿಲ್ಲ.

ಹಾಗಾದರೆ ಇದು ಅದೇ ವೃಂದವೇ? ಪ್ಲುಟಾರ್ಕ್ ಹೇಳುವ ಥೀಸಿಯಸನ ಹಡಗಿನ ಪ್ರಶ್ನೆಯಿದು: ಹಳೆಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸ ಹಲಗೆ ಜೋಡಿಸುತ್ತಾ ಹೋದರೆ ಕೊನೆಗುಳಿಯುವುದು ಅದೇ ಹಡಗೋ ಬೇರೆಯೋ? ಸಂತ ತೋಮಸ್ ಅಕ್ವಿನಾಸರು ಮಾನವ ಶರೀರದ ಕುರಿತು ಇಂಥದೇ ಪ್ರಶ್ನೆಗೆ ಉತ್ತರಿಸುವಾಗ ಬೆಂಕಿಯ ಹೋಲಿಕೆಯನ್ನು ಕೊಡುತ್ತಾರೆ. ಸೌದೆ ಉರಿದು ಬೂದಿಯಾಗುತ್ತದೆ, ಹೊಸ ಸೌದೆಯನ್ನು ಒಟ್ಟುತ್ತಾರೆ, ಬೆಂಕಿ ಅದೇ. ಹಡಗಿಗಿಂತ ಬೆಂಕಿಯ ಹೋಲಿಕೆ ಇಲ್ಲಿ ಹೆಚ್ಚು ಒಪ್ಪುತ್ತದೆಂದು ನಮಗೆ ತೋರುತ್ತದೆ. ಬೆನೆಕೆಯವರ ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಇಬ್ಬಗೆಯಾಗಿದೆ. ಅವರನ್ನು ತಡೆದದ್ದು ನಿಷ್ಠೆಯೋ, ಒಲೆಯ ಬಾಯಿ ಮುಚ್ಚುವ ಅಂಜಿಕೆಯೋ? ಕೌಂಟ್ ಬೇಸಿಯವರ ವೃಂದ ಇನ್ನೊಂದು ದಾರಿ ಹಿಡಿಯಿತು. 1984ರಲ್ಲಿ ಬೇಸಿ ತೀರಿಕೊಂಡ ಮೇಲೂ ಅದು ಹೊಸ ಕೃತಿಗಳನ್ನು ಬರೆಯಿಸಿ ನುಡಿಸುತ್ತಾ ಬಂದಿತು. 2024ರಲ್ಲಿ ಅದಕ್ಕೆ ಮತ್ತೊಮ್ಮೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಹಳೆಯದು ಎನ್ನುವುದೂ ಅಷ್ಟು ಸರಳವಲ್ಲ. ಮಿಲ್ಲರ್ ಅವರದೆಂದೇ ಲೋಕ ನಂಬಿರುವ ‘ಇನ್ ದ ಮೂಡ್’ ಅವರ ರಚನೆಯಲ್ಲ. ಅದು ಜೋ ಗಾರ್ಲಂಡ್ ಎಂಬ ಕರಿಯ ಸ್ಯಾಕ್ಸೊಫೋನ್ ವಾದಕರ ಹೆಸರಿನಲ್ಲಿದೆ. ಅದರ ಮುಖ್ಯ ಸ್ವರಗುಚ್ಛ 1930ರಲ್ಲೇ ವಿಂಗಿ ಮನೋನ್ ಅವರ ಧ್ವನಿಮುದ್ರಿಕೆಯಲ್ಲಿ ಕೇಳಿಬಂದಿತ್ತು. ಮಿಲ್ಲರ್ 1939ರಲ್ಲಿ ಅದನ್ನು ಕತ್ತರಿಸಿ ಬಿಗಿಗೊಳಿಸಿದರು. ಸ್ವಿಂಗ್ ಸಂಗೀತದ ಬಹುಪಾಲು ಕರಿಯರ ವೃಂದಗಳಲ್ಲಿ ರೂಪುಗೊಂಡದ್ದು. ಹಣದ ಬಹುಪಾಲು ಸೇರಿದ್ದು ಬಿಳಿಯರ ವೃಂದಗಳಿಗೆ. ಸ್ಮರಣೆಯ ಕಛೇರಿಗಳಲ್ಲಿ ಈ ಮಾತೂ ಸ್ಮರಣೆಗೆ ಬರಬೇಕಾದದ್ದು ನ್ಯಾಯ.

ನಮ್ಮ ನಾಡಿನ ಮಟ್ಟಿಗೆ ಈ ಕತೆಗೆ ಒಂದು ಇಗರ್ಜಿಯ ಬಾಗಿಲಿದೆ. ಪೋರ್ಚುಗೀಸರ ಕಾಲದ ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಬಡ ಮಕ್ಕಳಿಗೂ ಪಿಟೀಲು ಮತ್ತು ಸ್ವರಲಿಪಿಯನ್ನು ಕಲಿಸುತ್ತಿದ್ದರು. ಉದ್ದೇಶ ಹಬ್ಬದ ಪೂಜೆಯ ಗಾಯನ. 1935ರಲ್ಲಿ ಲಿಯೋನ್ ಅಬ್ಬಿಯವರ ಕರಿಯ ವಾದಕರ ತಂಡ ಮುಂಬಯಿಯ ತಾಜ್ ಹೋಟೆಲಿಗೆ ಬಂದಾಗ, ಈ ಸಂಗೀತವನ್ನು ಕೇಳಿ ಅರಗಿಸಿಕೊಳ್ಳುವ ಸಿದ್ಧತೆಯುಳ್ಳವರು ಅಲ್ಲಿ ಸಾಕಷ್ಟು ಮಂದಿ ಇದ್ದರು. ಅಲ್ಡೋನದ ಚಿಕ್ ಚಾಕೊಲೇಟ್ ತಮ್ಮ ಟ್ರಂಪೆಟ್ಟಿನೊಡನೆ 1951ರ ‘ಅಲ್ಬೇಲಾ’ ಚಿತ್ರದಲ್ಲಿ ಕಾಣಿಸಿಕೊಂಡರು. ಸೆಬಾಸ್ಟಿಯನ್ ಡಿಸೋಜ ಶಂಕರ್ ಜೈಕಿಶನ್ ಅವರಿಗಾಗಿ ವಾದ್ಯವೃಂದದ ಹಾಳೆಗಳನ್ನು ಬರೆದರು. ಪ್ಯಾರೇಲಾಲರ ಪಿಟೀಲು ಗುರು ಆಂತೋನಿ ಗೊನ್ಸಾಲ್ವಿಸ್ ಅವರ ಹೆಸರಂತೂ 1977ರ ‘ಅಮರ್ ಅಕ್ಬರ್ ಆಂತೋನಿ’ಯ ಹಾಡಿನಿಂದ ಮನೆಮಾತಾಯಿತು, ಆ ಹೆಸರಿನ ನಿಜವಾದ ಮನುಷ್ಯನೊಬ್ಬನಿದ್ದನೆಂದು ಹಾಡಿದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ನಮ್ಮ ಧರ್ಮಕೇಂದ್ರದ ಬ್ಯಾಂಡು ಹಬ್ಬದ ಮೆರವಣಿಗೆಯಲ್ಲಿ ನುಡಿಸುವುದನ್ನು ನಿಲ್ಲಿಸಿ ಹಲವು ವರ್ಷಗಳಾದವು. ಈಗ ಧ್ವನಿವರ್ಧಕದ ಗಾಡಿ ಬರುತ್ತದೆ. ಅಗ್ಗ ಎಂಬ ಕಾರಣಕ್ಕೆ ಅದಕ್ಕೆ ಒಪ್ಪಿಗೆ ಕೊಟ್ಟವರು ನಾವೇ. ಕಳೆದ ಮಳೆಗಾಲದಲ್ಲಿ ಸಕ್ರಿಸ್ತಿಯ ಕಪಾಟನ್ನು ಶುಚಿಗೊಳಿಸುವಾಗ ಹಳೆಯ ಎರಡು ಕ್ಲಾರಿನೆಟ್ಟುಗಳು ಸಿಕ್ಕವು. ಪೂಜೆಗೆ ಸೇವೆ ಮಾಡುವ ಇಬ್ಬರು ಹುಡುಗರು ಅವನ್ನು ಊದಿ ನೋಡಿ, ಕಲಿಸುವವರು ಯಾರೆಂದು ಕೇಳಿದರು. ಹಳೆಯ ಬ್ಯಾಂಡಿನವರಲ್ಲಿ ಉಳಿದಿರುವುದು ಒಬ್ಬರೇ ಹಿರಿಯರು. ಹಲ್ಲುಗಳು ಹೋಗಿರುವುದರಿಂದ ಅವರಿಗೆ ಊದಲಾಗದು. ಶನಿವಾರ ಸಂಜೆ ಬಂದು ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತಾ ಬಾಯಲ್ಲಿ ಹಾಡಿ ತೋರಿಸುತ್ತಾರೆ. ಹುಡುಗರು ಊದುತ್ತಾರೆ, ಅವರು ತಲೆಯಾಡಿಸಿ, ಹಾಗಲ್ಲ ಎಂದು ಮತ್ತೊಮ್ಮೆ ಹಾಡುತ್ತಾರೆ.